ಓದುಗರ ಪ್ರಶ್ನೆ, ನಮ್ಮ ಉತ್ತರ: ಮಳೆ ಲೆಕ್ಕದ ಪುಸ್ತಕವೂ ಸ್ಕೋರು ಪುಸ್ತಕವೂ

ದಿನನಿತ್ಯದ ನೆಮ್ಮದಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಕೊಡಗಿನಿಂದ ಬಂದ ಪತ್ರಗಳಲ್ಲಿ ಹಲವು, ಎಲ್ಲಿಂದ ಆರಂಭವಾದರೂ ಕೊನೆಗೆ ಕ್ರಿಕೆಟ್ಟಿಗೇ ಬಂದು ನಿಂತಿದ್ದವು. ಹಾಕಿಯ ನಾಡಿನ ಓದುಗರಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಊರಿನ ತೋಟಕ್ಕೆ ಬಂದು ನೆಲೆಸಿದ್ದೇನೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಕಾಫಿ ಕೊಯ್ಲಿನ ತಿಂಗಳುಗಳು ಹೇಗೋ ಕಳೆಯುತ್ತವೆ, ಆದರೆ ಮಳೆಗಾಲದಲ್ಲಿ ಮನಸ್ಸು ಮುದುಡಿಹೋಗುತ್ತದೆ. ಯೋಗ, ಧ್ಯಾನ ಎಲ್ಲವನ್ನೂ ಹಿಡಿದು ಬಿಟ್ಟಿದ್ದೇನೆ. ನನ್ನಂಥವನು ನಡೆಸಿಕೊಂಡು ಹೋಗಬಹುದಾದ ಸಣ್ಣ ಅಭ್ಯಾಸಗಳಿದ್ದರೆ ತಿಳಿಸಿ.
(ಓದುಗರೊಬ್ಬರು, ನಾಪೋಕ್ಲು)

ಉತ್ತರ: ಹೊಸದಾಗಿ ಹಿಡಿದ ಅಭ್ಯಾಸ ಉಳಿಯಬೇಕಾದರೆ, ಹೇಗೂ ನಡೆಯುತ್ತಿರುವ ಒಂದು ಕೆಲಸದ ಬೆನ್ನಿಗೆ ಅದನ್ನು ಕಟ್ಟಬೇಕು, ದಿನಚರಿಯಲ್ಲಿ ಅದಕ್ಕೆಂದೇ ಬೇರೆ ಜಾಗ ಮಾಡಹೊರಟರೆ ಮೂರನೆಯ ವಾರಕ್ಕೆ ಅದು ತಪ್ಪುತ್ತದೆ. ಕೊಡಗಿನ ತೋಟಗಳಲ್ಲಿ ಅಂಥದೊಂದು ಕೆಲಸ ತಲೆಮಾರುಗಳಿಂದ ನಡೆದುಬಂದಿದೆ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಎಷ್ಟು, ಸೆಂಟು (ಇಂಚಿನ ನೂರನೆಯ ಒಂದು ಪಾಲು) ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡುವುದು. ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಮಳೆ ಪುಸ್ತಕಗಳನ್ನು ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ನಿಮ್ಮ ತೋಟದಲ್ಲಿ ಈ ಕೆಲಸವನ್ನು ಲೆಕ್ಕ ಬರೆಯುವ ರೈಟರು ಮಾಡುತ್ತಿದ್ದರೆ ಅದನ್ನು ಅವರಿಂದ ನೀವೇ ತೆಗೆದುಕೊಳ್ಳಿ.

ಇದರಿಂದ ಆಗುವ ಪ್ರಯೋಜನ ಮಳೆಯ ಲೆಕ್ಕಕ್ಕೆ ಮಾತ್ರ ಸೀಮಿತವಾಗಿಲ್ಲ. ಕೊಡೆ ಹಿಡಿದು ಅಂಗಳ ದಾಟಿ ಹೋಗುವಾಗ ಬೆಳಗಿನ ಬೆಳಕು ಕಣ್ಣಿಗೆ ಬೀಳುತ್ತದೆ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಪ್ರಖರವಾಗಿರುತ್ತದೆ, ದೇಹದ ಒಳಗಡಿಯಾರವು ಹಗಲು ಯಾವುದು, ರಾತ್ರಿ ಯಾವುದು ಎಂದು ಹೊಂದಿಸಿಕೊಳ್ಳುವುದು ಮುಖ್ಯವಾಗಿ ಈ ಬೆಳಕಿನಿಂದಲೇ. ಮಳೆಗಾಲದಲ್ಲಿ ದಿನವಿಡೀ ಮಬ್ಬುಗತ್ತಲಿನ ಜಗಲಿಯಲ್ಲಿ ಕುಳಿತವರಿಗೆ ರಾತ್ರಿ ನಿದ್ದೆ ಬಾರದಿರಲು ಇದೂ ಒಂದು ಕಾರಣ. ಮಳೆಯ ಅಂಕಿಯ ಕೆಳಗೆ ಆ ದಿನ ಕಂಡ ಒಂದು ಸಂಗತಿಯನ್ನು ಒಂದೇ ಸಾಲಿನಲ್ಲಿ ಬರೆಯಿರಿ: ಮೆಣಸಿನ ಬಳ್ಳಿಯಲ್ಲಿ ಕಾಣಿಸಿದ ಹೊಸ ತೆನೆ, ಗೇಟಿನ ಬಳಿ ಆನೆ ಹಾದುಹೋದ ಗುರುತು, ಏನಾದರೂ ಸರಿ. ಆಮೇಲೆ ಪಕ್ಕದ ತೋಟದವರಿಗೆ ಫೋನು ಮಾಡಿ, ನಿಮ್ಮಲ್ಲಿ ಎಷ್ಟು ಬಿತ್ತು ಎಂದು ಕೇಳಿ. ಮಳೆಯ ನೆಪದಲ್ಲಿ ಆರಂಭವಾದ ಮಾತು ಅಲ್ಲಿಗೇ ನಿಲ್ಲುವುದಿಲ್ಲ ಎಂಬುದು ನಿಮಗೂ ಗೊತ್ತು. ಸುಮ್ಮನೆ ಕ್ಷೇಮ ವಿಚಾರಿಸಲು ಫೋನು ಮಾಡುವುದು ನಮ್ಮ ಗಂಡಸರಿಗೆ ಒಗ್ಗುವುದಿಲ್ಲ, ಕಾರಣವೊಂದು ಬೇಕು.

ಇನ್ನೊಂದು ಮಾತು ಕಾಫಿ ಬೆಳೆಯುವವರಿಗೆ ಹೇಳಲು ಸಂಕೋಚವಾಗುತ್ತದೆ. ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಐದು ಗಂಟೆಗಳ ನಂತರವೂ ಅರ್ಧದಷ್ಟು ದೇಹದಲ್ಲಿ ಉಳಿದಿರುತ್ತದೆ. ಆದ್ದರಿಂದ ಬೆಲ್ಲದ ಕಾಫಿಯ ಕೊನೆಯ ಲೋಟ ಮಧ್ಯಾಹ್ನದ ಹೊತ್ತಿಗೇ ಮುಗಿಯಲಿ. ಇಷ್ಟೆಲ್ಲ ಮಾಡಿಯೂ ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದೆ, ಊಟ ನಿದ್ದೆ ಕೆಟ್ಟಿದ್ದರೆ ಅದನ್ನು ಮಳೆಗಾಲದ ಬೇಸರವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಿರಿ. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ಶಾಲೆಯಲ್ಲಿ ನಾನು ಹಾಕಿ ಆಡಿದವಳು. ಈಗಲೂ ಕುಟುಂಬದ ಹಾಕಿ ಪಂದ್ಯಗಳಿಗೆ ತಪ್ಪದೆ ಹೋಗುತ್ತೇನೆ. ಆದರೆ ನಮ್ಮ ಮನೆಯಲ್ಲಿ ಮಾವನವರೂ ಯಜಮಾನರೂ ಟಿವಿಯ ಮುಂದೆ ದಿನಗಟ್ಟಲೆ ಕ್ರಿಕೆಟ್ ನೋಡುತ್ತಾರೆ. ಅರ್ಧ ಹೊತ್ತು ಅಲ್ಲಿ ಏನೂ ನಡೆಯುವುದೇ ಇಲ್ಲ. ಇದರಲ್ಲಿ ಅಂಥ ರುಚಿ ಏನಿದೆ?
(ಓದುಗರೊಬ್ಬರು, ಗೋಣಿಕೊಪ್ಪಲು)

ಉತ್ತರ: ನಿಮ್ಮ ಆಕ್ಷೇಪಣೆ ನಿಜ, ಮತ್ತು ರುಚಿ ಇರುವುದು ಅಲ್ಲಿಯೇ. ಹಾಕಿ ಪಂದ್ಯ ಅರುವತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟೂ ಹೊತ್ತು ಕಣ್ಣು ಕೀಳುವಂತಿಲ್ಲ, ಪಕ್ಕದವರ ಜೊತೆ ಮಾತನಾಡಲು ಬಿಡುವಿಲ್ಲ. ಟೆಸ್ಟ್ ಪಂದ್ಯದ ಒಂದು ದಿನಕ್ಕೆ 90 ಓವರು, ಅಂದರೆ 540 ಎಸೆತ. ಎಸೆತವೊಂದು ಕೆಲವೇ ಕ್ಷಣಗಳಲ್ಲಿ ಮುಗಿದರೆ, ಬೌಲರು ತನ್ನ ಗುರುತಿನವರೆಗೆ ನಡೆದು ಹಿಂದಿರುಗುವ ಹೊತ್ತು ಅದಕ್ಕಿಂತ ಎಷ್ಟೋ ಹೆಚ್ಚು. ಆ ಬಿಡುವಿನಲ್ಲಿ ಮಾವನವರು ಏನು ಹೇಳುತ್ತಾರೆ ಎಂಬುದನ್ನು ಒಮ್ಮೆ ಗಮನಿಸಿ. ಮುಂದಿನ ಎಸೆತ ಹೇಗಿರುತ್ತದೆಂದು ಊಹಿಸುತ್ತಿರುತ್ತಾರೆ, ಇಲ್ಲವೇ ಹಳೆಯ ಪಂದ್ಯವೊಂದನ್ನು ನೆನಪಿಸಿಕೊಳ್ಳುತ್ತಿರುತ್ತಾರೆ. ಹೊಳೆಯಲ್ಲಿ ಗಾಳ ಹಾಕಿ ಕುಳಿತವರು ಇಡೀ ಮಧ್ಯಾಹ್ನ ಸುಮ್ಮನಿದ್ದರೆಂದು ಯಾರೂ ಹೇಳುವುದಿಲ್ಲವಲ್ಲ, ಹಾಗೆಯೇ ಇದೂ.

ಒಂದೇ ಒಂದು ಓವರನ್ನು ಹತ್ತಿರದಿಂದ ನೋಡಿ. ವೇಗದ ಬೌಲರು ಮೊದಲ ಮೂರು ಎಸೆತಗಳನ್ನು ಬ್ಯಾಟರಿನಿಂದ ಹೊರಕ್ಕೆ ಹೋಗುವಂತೆ ಹಾಕುತ್ತಾರೆ. ಬ್ಯಾಟರು ಮೂರನ್ನೂ ಬಿಟ್ಟುಬಿಡುತ್ತಾರೆ. ನಿಮ್ಮ ಲೆಕ್ಕದಲ್ಲಿ ಇಲ್ಲಿಯವರೆಗೆ ಏನೂ ನಡೆದಿಲ್ಲ. ಆದರೆ ಬ್ಯಾಟರಿನ ಮುಂಗಾಲು ಪ್ರತಿ ಸಲ ತುಸು ಹೆಚ್ಚು ಆಫ್ ಸ್ಟಂಪಿನ, ಅಂದರೆ ಹೊರಬದಿಯ ಸ್ಟಂಪಿನ ಕಡೆಗೆ ಸರಿಯುತ್ತಿರುವುದನ್ನು ಬೌಲರು ನೋಡಿಕೊಂಡಿದ್ದಾರೆ. ನಾಲ್ಕನೆಯ ಎಸೆತವೂ ಅದೇ ಓಟ, ಅದೇ ಕೈ, ಆದರೆ ಚೆಂಡು ಒಳಕ್ಕೆ ತಿರುಗುತ್ತದೆ, ಸರಿದು ನಿಂತ ಕಾಲಿನ ಪ್ಯಾಡಿಗೆ ಬಡಿಯುತ್ತದೆ, ಸ್ಟಂಪಿಗೆ ತಾಗಬೇಕಿದ್ದ ಚೆಂಡನ್ನು ಕಾಲು ತಡೆಯಿತೆಂದು ಅಂಪೈರು ಬೆರಳೆತ್ತಿ ಔಟ್ ಕೊಡುತ್ತಾರೆ. ಹಾಕಿಯಲ್ಲಿ ಚೆಂಡು ಕಳೆದುಕೊಂಡ ಆಟಗಾರ ಮರುನಿಮಿಷವೇ ಓಡಿಹೋಗಿ ಅದನ್ನು ಕಸಿದುಕೊಳ್ಳಬಹುದು. ಬ್ಯಾಟು ಹಿಡಿದವರಿಗೆ ಆ ಇನ್ನಿಂಗ್ಸಿನಲ್ಲಿ ಅಂಥ ಅವಕಾಶವಿಲ್ಲ, ಒಂದು ತಪ್ಪಿಗೆ ಅವರ ಆಟ ಅಲ್ಲಿಗೆ ಮುಗಿಯಿತು. ಹೊರಗೆ ನಿಧಾನವಾಗಿ ಕಾಣುವ ಆಟದ ಒಳಗೆ ಇಷ್ಟು ಕಟುವಾದ ನಿಯಮವೊಂದಿದೆ.

ಇದಕ್ಕೆ ಎದುರಾದ ಇನ್ನೊಂದು ಗುಣವೂ ಉಂಟು: ಬ್ಯಾಟಿಂಗ್ ಬಾರದವರೂ ಬ್ಯಾಟು ಹಿಡಿದು ಹೋಗಲೇಬೇಕಾಗುತ್ತದೆ. 1996ರ ಅಕ್ಟೋಬರ್ 21ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಟೈಟನ್ ಕಪ್ ಏಕದಿನ ಪಂದ್ಯವನ್ನು ಮಾವನವರ ಬಳಿ ಪ್ರಸ್ತಾಪಿಸಿ, ಆ ಸಂಜೆಯ ಅಡುಗೆಯನ್ನು ಯಾರಾದರೂ ಬೇರೆಯವರು ನೋಡಿಕೊಳ್ಳಬೇಕಾದೀತು. ಆಸ್ಟ್ರೇಲಿಯಾ ಒಡ್ಡಿದ ಗುರಿ 216. ಸಚಿನ್ ತೆಂಡೂಲ್ಕರ್ 88 ರನ್ ಗಳಿಸಿ ಔಟಾದಾಗ ಭಾರತದ ಸ್ಕೋರು 8 ವಿಕೆಟ್‌ಗೆ 164. ಟಿವಿ ಆರಿಸಿ ಎದ್ದುಹೋದವರು ಎಷ್ಟೋ ಮಂದಿ. ಕ್ರೀಸಿನಲ್ಲಿ ಉಳಿದವರು ಮೈಸೂರಿನ ಜಾವಗಲ್ ಶ್ರೀನಾಥ್ ಮತ್ತು ಬೆಂಗಳೂರಿನ ಅನಿಲ್ ಕುಂಬ್ಳೆ, ಇಬ್ಬರೂ ಬೌಲರುಗಳು. ಇಬ್ಬರೂ ಎಂಜಿನಿಯರಿಂಗ್ ಓದಿದವರೆಂಬ ಕಾರಣಕ್ಕೆ ರನ್ನು ಎಸೆತಗಳ ಲೆಕ್ಕವಾದರೂ ಸರಿ ಇದ್ದೀತು ಎಂದು ಹಾಸ್ಯ ಮಾಡಬಹುದಾದಂಥ ಸ್ಥಿತಿ. ಇನ್ನೊಂದು ವಿಕೆಟ್ ಬೀಳದಂತೆ ಅವರು 52 ರನ್ ಸೇರಿಸಿ ಪಂದ್ಯ ಗೆಲ್ಲಿಸಿದರು. ಗ್ಯಾಲರಿಯಲ್ಲಿ ಕುಳಿತಿದ್ದ ಕುಂಬ್ಳೆಯವರ ತಾಯಿಯ ಮುಖವನ್ನು ಕ್ಯಾಮೆರಾ ಮತ್ತೆ ಮತ್ತೆ ತೋರಿಸಿದ್ದು ಆ ರಾತ್ರಿ ನೋಡಿದವರಿಗೆ ಇಂದಿಗೂ ನೆನಪಿದೆ.

ಇದೇ ಜೋಡಿಯ ಇನ್ನೊಂದು ಸಂಗತಿ ನನಗೆ ಅದಕ್ಕಿಂತಲೂ ಪ್ರಿಯವಾದದ್ದು. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳನ್ನು ಕುಂಬ್ಳೆ ಒಬ್ಬರೇ ಪಡೆದಿದ್ದರು. ಹತ್ತನೆಯದೂ ಅವರಿಗೇ ಸಿಗಲಿ ಎಂದು ಇನ್ನೊಂದು ತುದಿಯಿಂದ ಶ್ರೀನಾಥ್ ಸ್ಟಂಪಿನಿಂದ ದೂರಕ್ಕೆ ಎಸೆಯುತ್ತಾ ಹೋದರು. ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಪಡೆದರು. ಸ್ಕೋರು ಪಟ್ಟಿಯಲ್ಲಿ ಶ್ರೀನಾಥರ ಹೆಸರಿನ ಮುಂದೆ ಇದು ಕಾಣುವುದಿಲ್ಲ. ಕುಳಿತು ನೋಡಿದವರಿಗೆ ಮಾತ್ರ ಗೊತ್ತು.

ಹಾಕಿಯನ್ನು ಬಿಡಬೇಕಾದ ಅಗತ್ಯವೇನೂ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ತಂಡಗಳೊಂದಿಗೆ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಇಂದು ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆಡುತ್ತವೆ, ಅದರ ಸಂಭ್ರಮ ಟಿವಿ ಕ್ರಿಕೆಟ್ಟಿಗೆ ಬರಲಾರದು. ಎರಡೂ ಒಂದೇ ಮನೆಯಲ್ಲಿ ಇರಬಲ್ಲವೆಂಬುದಕ್ಕೆ ನಿಮ್ಮ ಜಿಲ್ಲೆಯ ರಾಬಿನ್ ಉತ್ತಪ್ಪನವರೇ ಉದಾಹರಣೆ. ತಂದೆ ವೇಣು ಉತ್ತಪ್ಪ ಹಾಕಿ ಅಂಪೈರು. ಮಗ 2007ರ ಟಿ20 ವಿಶ್ವಕಪ್‌ನಲ್ಲಿ, ಪಾಕಿಸ್ತಾನದ ಎದುರಿನ ಪಂದ್ಯ ಸಮವಾಗಿ, ಬ್ಯಾಟು ಹಿಡಿದವರಿಲ್ಲದ ಸ್ಟಂಪಿಗೆ ಗುರಿಯಿಡುವ ಬೌಲ್-ಔಟ್‌ಗೆ ಹೋದಾಗ, ಸೆಹ್ವಾಗ್ ಮತ್ತು ಹರ್ಭಜನ್ ನಂತರ ಚೆಂಡೆಸೆದು ಸ್ಟಂಪಿಗೆ ತಾಗಿಸಿದವರು.

ಮುಂದಿನ ಪಂದ್ಯಕ್ಕೆ ಮಾವನವರ ಪಕ್ಕದಲ್ಲಿ ಒಂದು ನೋಟು ಪುಸ್ತಕ ಹಿಡಿದು ಕುಳಿತು, ಪ್ರತಿ ಎಸೆತವನ್ನೂ ಬರೆಯುತ್ತಾ ಹೋಗಿ. ರನ್ನಿಲ್ಲದ ಎಸೆತಕ್ಕೆ ಚುಕ್ಕೆ, ಓವರಿನ ಆರೂ ಎಸೆತ ಚುಕ್ಕೆಯಾದರೆ ಅದು ಮೇಡನ್ ಓವರು. ಹತ್ತು ಓವರಿನ ಹೊತ್ತಿಗೆ, ಚುಕ್ಕೆಗಳು ಸಾಲಾಗಿ ಸೇರುತ್ತಿದ್ದರೆ ವಿಕೆಟ್ ಬೀಳುವ ಹೊತ್ತು ಹತ್ತಿರವಾಗುತ್ತಿದೆಯೆಂದು ನಿಮಗೇ ಅನ್ನಿಸತೊಡಗುತ್ತದೆ. ಆಗಲೂ ರುಚಿಸದಿದ್ದರೆ ಎದ್ದುಹೋಗಲು ನಿಮಗೆ ಪೂರ್ಣ ಸ್ವಾತಂತ್ರ್ಯವಿದೆ. ಹೋಗುವಾಗ ಕಾಫಿಯ ಲೋಟಗಳನ್ನು ಯಜಮಾನರ ಕೈಗೇ ಕೊಟ್ಟು ಹೋಗಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಭಾರತ ಸೋತರೆ ಎರಡು ದಿನ ನನಗೆ ಪಾಠ ತಲೆಗೆ ಹತ್ತುವುದಿಲ್ಲ. 2023ರ ನವೆಂಬರಿನ ವಿಶ್ವಕಪ್ ಫೈನಲ್ ಸೋಲಿನ ದೃಶ್ಯಗಳನ್ನು ಇಂದಿಗೂ ನೋಡಲಾರೆ. ಗೆಳೆಯರು ಹುಚ್ಚು ಎನ್ನುತ್ತಾರೆ. ಇದು ಸರಿಯೇ?
(ಓದುಗರೊಬ್ಬರು, ಕುಶಾಲನಗರ)

ಉತ್ತರ: ಹುಚ್ಚೇನೂ ಅಲ್ಲ. 1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಒಂದು ಅಧ್ಯಯನವನ್ನು ಪ್ರಕಟಿಸಿದರು. ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ವಾರ ವಿದ್ಯಾರ್ಥಿಗಳು ಅದರ ಹೆಸರಿನ ಅಂಗಿಗಳನ್ನು ಹೆಚ್ಚಾಗಿ ತೊಟ್ಟು ಬರುತ್ತಿದ್ದರು. ಗೆಲುವನ್ನು ನಾವು ಗೆದ್ದೆವು ಎಂದೂ, ಸೋಲನ್ನು ಅವರು ಸೋತರು ಎಂದೂ ಹೇಳುವ ಒಲವು ಅವರಲ್ಲಿತ್ತು. ಹೆಚ್ಚಿನವರು ಹೀಗೆ ಸೋಲಿನಿಂದ ಜಾಣತನದಿಂದ ದೂರ ಸರಿಯುತ್ತಾರೆ. ನೀವು ಸೋಲನ್ನೂ ನಿಮ್ಮದೆಂದು ಹೊತ್ತಿದ್ದೀರಿ, ಅದು ಗೌರವಿಸಬೇಕಾದ ಗುಣವೇ, ಎರಡು ದಿನ ಮಾತ್ರ ಹೆಚ್ಚಾಯಿತು.

ಸೋತ ಪಂದ್ಯವನ್ನು ಪ್ರೀತಿಸಲು ಸಾಧ್ಯವೇ ಎಂದು ತಿಳಿಯಬೇಕಾದರೆ ಮೈಸೂರಿನವರನ್ನು ಕೇಳಿ. 2010ರ ಜನವರಿಯಲ್ಲಿ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬೈ ನಡುವೆ ರಣಜಿ ಫೈನಲ್ ನಡೆಯಿತು. ಜಾಗ ಸಾಲದೆ ಜನ ಮರ ಹತ್ತಿ ಕುಳಿತರು. 338 ರನ್ನಿನ ಗುರಿಯ ಬೆನ್ನುಹತ್ತಿದ ಕರ್ನಾಟಕ, ಮನೀಶ್ ಪಾಂಡೆಯವರ 144 ರನ್ನಿನ ಬಲದಿಂದ 331ರವರೆಗೆ ಹೋಗಿ, ಬರೀ ಆರು ರನ್ನಿನಿಂದ ಸೋತಿತು. ಆ ಬಳಿಕ 2013-14 ಮತ್ತು 2014-15ರಲ್ಲಿ ಕರ್ನಾಟಕ ಸತತವಾಗಿ ರಣಜಿ ಗೆದ್ದಿದೆ. ಆದರೂ ಜನ ಹೆಚ್ಚಾಗಿ ಮಾತನಾಡುವುದು ಆ ಸೋಲಿನ ಬಗ್ಗೆಯೇ. ಸೋತ ರಾತ್ರಿ ಫೋನಿನಲ್ಲಿ ಬೈಗುಳದ ವೀಡಿಯೊಗಳನ್ನು ನೋಡುತ್ತಾ ಮಲಗಬೇಡಿ. ಮರುದಿನ ಬೆಳಿಗ್ಗೆ ಪತ್ರಿಕೆಯ ಸ್ಕೋರು ಪಟ್ಟಿಯನ್ನು ಒಮ್ಮೆ ಓದಿ, ಎದುರಾಳಿ ತಂಡದಲ್ಲಿ ಚೆನ್ನಾಗಿ ಆಡಿದ ಒಬ್ಬರನ್ನು ಗುರುತಿಸಿ, ತರಗತಿಗೆ ಹೋಗಿ.

ಪ್ರಶ್ನೆ: ಸ್ವಲ್ಪ ಹಣ ಕಟ್ಟಿ ನೋಡಿದರೆ ಪಂದ್ಯ ಇನ್ನಷ್ಟು ರೋಚಕವಾಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ?
(ಓದುಗರೊಬ್ಬರು, ಸೋಮವಾರಪೇಟೆ)

ಉತ್ತರ: ಬೇಡ. ಹಣ ಕಟ್ಟಿದವರು ನೋಡುವುದು ತಮ್ಮ ಹಣವನ್ನು, ಆಟವನ್ನಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿರುವುದನ್ನೂ ಸ್ನೇಹಿತರ ಗಮನಕ್ಕೆ ತನ್ನಿ.

ಪ್ರಶ್ನೆ: ಹತ್ತು ವರ್ಷದ ಮಗಳಿಗೆ ಕ್ರಿಕೆಟ್ ಹುಚ್ಚು. ಐಪಿಎಲ್ ಬಂದರೆ ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ. ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಎಂದು ನಮ್ಮ ಅತ್ತೆಯವರು ಬೇರೆ ಗೊಣಗುತ್ತಾರೆ.
(ಓದುಗರೊಬ್ಬರು, ಪೊನ್ನಂಪೇಟೆ)

ಉತ್ತರ: ಅತ್ತೆಯವರಿಗೆ ಮೊದಲು ಹೇಳಿ: 1976ರಲ್ಲಿ ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ನಮ್ಮ ಶಾಂತಾ ರಂಗಸ್ವಾಮಿ, ಮತ್ತು 2025ರ ನವೆಂಬರ್ 2ರಂದು ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಗೆದ್ದವರೂ ಹೆಣ್ಣುಮಕ್ಕಳೇ. ಮಗಳ ನಿದ್ದೆಯ ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿರಬೇಕು. ಈ ವಯಸ್ಸಿನ ಮಕ್ಕಳಿಗೆ ಒಂಬತ್ತು ಗಂಟೆಗಳಿಗೆ ಕಡಿಮೆಯಿಲ್ಲದ ನಿದ್ದೆ ಬೇಕು, ಸಂಜೆ ಏಳೂವರೆಗೆ ಆರಂಭವಾಗುವ ಪಂದ್ಯವನ್ನು ಕೊನೆಯವರೆಗೆ ನೋಡಿದರೆ ಅದು ಸಿಗುವುದಿಲ್ಲ. ಶಾಲೆಯಿರುವ ದಿನಗಳಲ್ಲಿ ಮೊದಲ ಇನ್ನಿಂಗ್ಸ್ ಮುಗಿಯುವುದಕ್ಕೆ ಮುಂಚೆಯೇ ಹಾಸಿಗೆಗೆ ಹೋಗಲಿ. ಮಲಗುವ ಮುನ್ನ ಯಾರು ಗೆಲ್ಲುತ್ತಾರೆ, ಎಷ್ಟು ರನ್ನಿನಿಂದ ಎಂದು ಚೀಟಿಯಲ್ಲಿ ಬರೆದು ಅಜ್ಜಿಯ ಕೈಗೆ ಕೊಡಲಿ. ಬೆಳಿಗ್ಗೆ ಫಲಿತಾಂಶ ಹೇಳುವ ಜವಾಬ್ದಾರಿ ಅಜ್ಜಿಯದು. ಶನಿವಾರದ ಪಂದ್ಯವನ್ನು ಪೂರ್ತಿ ನೋಡಲು ಬಿಡಿ.