ಚಕ್ಕೆ ಕಷಾಯ ಲೋಳೆಯಾಗುವುದೇಕೆ?

ಪತ್ರ: ಚೀನೀ ವೈದ್ಯದಲ್ಲಿ ದಾಲ್ಚಿನ್ನಿ ಮೈ ಬೆಚ್ಚಗಿಡುವ ಮದ್ದು ಎಂದು ಓದಿದೆ. ನನಗೆ ವರ್ಷವಿಡೀ ಅಂಗಾಲು ತಣ್ಣಗಿರುತ್ತದೆ. ಒಂದು ಚಮಚ ಚಕ್ಕೆ ಪುಡಿ ಹಾಕಿ ಅರ್ಧ ಗಂಟೆ ಕುದಿಸಿದರೆ ಲೋಳೆಯಾಗುತ್ತದೆ, ಘಮವೂ ಉಳಿಯುವುದಿಲ್ಲ. ಎಲ್ಲಿ ತಪ್ಪುತ್ತಿದೆ? ದಿನವೂ ಕುಡಿಯಬಹುದೇ?
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ಕಷಾಯ ಕೆಟ್ಟದ್ದಕ್ಕೆ ಕಾರಣ ಎರಡು. ಚಕ್ಕೆಯಲ್ಲಿ ಸಹಜವಾಗಿಯೇ ಅಂಟಿನ ಅಂಶವಿದೆ. ಪುಡಿಯನ್ನು ಕುದಿಸಿದರೆ ಅದು ನೀರು ಹೀರಿ ಲೋಳೆಯಾಗುತ್ತದೆ. ಘಮ ಕೊಡುವ ಎಣ್ಣೆಯೋ ಹಬೆಯ ಜೊತೆ ಹಾರಿಹೋಗುತ್ತದೆ. ಅದಕ್ಕೇ ಚೀನೀ ವೈದ್ಯರು ಉಳಿದ ಮದ್ದುಗಳೆಲ್ಲ ಕುದಿದ ಮೇಲೆ, ಕೊನೆಯ ಐದು ನಿಮಿಷಕ್ಕೆ, ಚಕ್ಕೆಯ ತುಂಡು ಹಾಕಿ ಮುಚ್ಚಳ ಮುಚ್ಚುತ್ತಾರೆ. ಪುಡಿಯೇ ಬೇಕಿದ್ದರೆ ಕುದಿಸುವುದಿಲ್ಲ, ಸೋಸಿದ ಕಷಾಯಕ್ಕೆ ಒಂದು ಗ್ರಾಂ ಕದಡಿ ಕೊಡುತ್ತಾರೆ.

ಆದರೆ ನಿಮ್ಮ ಪ್ರಶ್ನೆಯ ಮುಖ್ಯ ಗಂಟು ಬೇರೆ ಕಡೆ ಇದೆ. ಚೀನಾದ ಗುವಾಂಗ್‌ಶಿ, ಗುವಾಂಗ್‌ಡಾಂಗ್ ಪ್ರಾಂತಗಳಲ್ಲಿ ಬೆಳೆಯುವ ಕ್ಯಾಸಿಯಾ ಎಂಬ ಜಾತಿಯ ದಾಲ್ಚಿನ್ನಿ ಮರದಿಂದ ಅಲ್ಲಿ ಎರಡು ಮದ್ದು ಬರುತ್ತವೆ. ಎಳೆಯ ಕಡ್ಡಿ ‘ಗುಯ್‌ಝಿ’, ಕಾಂಡದ ದಪ್ಪ ತೊಗಟೆ ‘ರೋಗುಯ್’. ಕಡ್ಡಿಯ ಬಿಸಿ ಹೊರಮುಖ: ಚರ್ಮಕ್ಕೆ, ಕೈಕಾಲಿನ ತುದಿಗೆ ಹರಿಯುತ್ತದೆ ಎನ್ನುತ್ತಾರೆ. ತೊಗಟೆಯದು ಒಳಮುಖ, ಕೆಳಮುಖ: ಸೊಂಟ, ಕಿಬ್ಬೊಟ್ಟೆ, ಮಂಡಿಗೆ. ಅಂಗೈ ಅಂಗಾಲು ಮಾತ್ರ ತಣ್ಣಗಿದ್ದು ನಾಡಿ ಎಳೆಯಂತೆ ಸಣ್ಣಗಿದ್ದರೆ ಆ ವೈದ್ಯರ ಕೈ ಕಡ್ಡಿಯತ್ತ ಹೋಗುತ್ತದೆ. ಸೊಂಟ, ಮಂಡಿಯೂ ತಣ್ಣಗಿದ್ದು, ರಾತ್ರಿ ತಿಳಿಮೂತ್ರ ಮತ್ತೆಮತ್ತೆ ಬರುತ್ತಿದ್ದರೆ ತೊಗಟೆಯತ್ತ. ಕಡ್ಡಿಯ ವಾಡಿಕೆಯ ಪ್ರಮಾಣ ದಿನಕ್ಕೆ 3ರಿಂದ 10 ಗ್ರಾಂ, ತೊಗಟೆಯದು 1ರಿಂದ 5 ಗ್ರಾಂ.

ಕಡ್ಡಿಯ ಬಳಕೆಯ ಸೊಗಸಾದ ಮಾದರಿ ‘ಗುಯ್‌ಝಿ ತಾಂಗ್’. ಕ್ರಿ.ಶ. 200ರ ಸುಮಾರಿಗೆ ಝಾಂಗ್ ಝೋಂಗ್‌ಜಿಂಗ್ ಎಂಬ ಚೀನೀ ವೈದ್ಯ ಬರೆದಿಟ್ಟ ಕಷಾಯ ಇದು. ಇಂದಿನ ಅಳತೆಯಲ್ಲಿ ಕಡ್ಡಿ 9 ಗ್ರಾಂ, ಪಿಯೋನಿ ಎಂಬ ಹೂಗಿಡದ ಬೇರು 9, ಹಸಿಶುಂಠಿ 9, ಹುರಿದ ಜ್ಯೇಷ್ಠಮಧು 6, ಜೊತೆಗೆ ಚೀನೀ ಬೋರೆಯ ನಾಲ್ಕು ಒಣಹಣ್ಣು. ಏಳು ಪಾಲು ನೀರು ಸಣ್ಣ ಉರಿಯಲ್ಲಿ ಮೂರು ಪಾಲಿಗೆ ಇಳಿಯಬೇಕು. ಅದರಲ್ಲಿ ಒಂದು ಪಾಲು ಕುಡಿದು, ತುಸು ಹೊತ್ತು ಬಿಟ್ಟು ಬಿಸಿಬಿಸಿ ತೆಳು ಗಂಜಿ ಕುಡಿಯಬೇಕು, ಎರಡು ತಾಸು ಹೊದ್ದು ಮಲಗಬೇಕು. ಗಂಜಿ ಬಿಟ್ಟರೆ ಅರ್ಧ ಮದ್ದನ್ನೇ ಬಿಟ್ಟಂತೆ. ಮೈ ತುಸು ಬೆವರಿದರೆ ಸಾಕು, ನೀರಿನಂತೆ ಇಳಿಯಬಾರದು. ಇಳಿದರೆ ರೋಗಿ ಇನ್ನಷ್ಟು ಸೋಲುತ್ತಾನೆ. ಮೊದಲ ಪಾಲಿಗೇ ಗುಣವಾದರೆ ಉಳಿದದ್ದು ಬೇಡ. ಆಗಲೇ ಬೆವರುತ್ತಿದ್ದು, ಗಾಳಿ ತಾಗಿದರೆ ಮುದುಡಿಕೊಳ್ಳುವ ನೆಗಡಿಜ್ವರಕ್ಕೆ ಇದು. ಬೆವರೇ ಬಾರದ ಜ್ವರಕ್ಕಲ್ಲ.

ತೊಗಟೆಯ ವಿಷಯದಲ್ಲಿ ಹೆಚ್ಚು ಎಂದರೆ ಒಳ್ಳೆಯದು ಎಂಬ ಲೆಕ್ಕ ನಡೆಯುವುದಿಲ್ಲ. ಅದೇ ಝಾಂಗ್‌ನ ‘ಶೆನ್ ಚಿ ವಾನ್’ ಗುಳಿಗೆಯಲ್ಲಿ ಒಟ್ಟು 27 ಪಾಲು; ದಾಲ್ಚಿನ್ನಿ ಒಂದೇ ಪಾಲು. (ಮೂಲದಲ್ಲಿ ಅದೂ ಕಡ್ಡಿಯೇ, ತೊಗಟೆ ಬಂದದ್ದು ಆಮೇಲೆ.) ಒಲೆಯೊಳಗೆ ಕೆಂಡ ಮುಚ್ಚಿಡುವಂತೆ ಸಣ್ಣ ಬಿಸಿ ಸಾಕು ಎಂಬುದು ಅದರ ತರ್ಕ. ನಾಲಿಗೆ ಕೆಂಪಗಿದ್ದು ಬಾಯಾರಿಕೆ, ರಾತ್ರಿ ಬೆವರು ಇರುವವರಿಗೆ, ರಕ್ತಸ್ರಾವವಿರುವವರಿಗೆ ತೊಗಟೆ ಕೊಡುವುದಿಲ್ಲ. ಬಸುರಿಯರಿಗೂ ಬೇಡ.

ಈಗ ನಿಮ್ಮ ಡಬ್ಬಿಯ ಚಕ್ಕೆ. ದಾಲ್ಚಿನ್ನಿ ಎಂಬ ಹೆಸರೇ ಪಾರಸಿಯ ‘ದಾರ್‌ಚೀನಿ’, ಎಂದರೆ ಚೀನಾದ ಮರ. ದಪ್ಪಗೆ, ಒಂದೇ ಪದರವಾಗಿ ಸುರುಳಿಕೊಂಡು, ಮುರಿಯಲು ಗಟ್ಟಿಯಿದ್ದರೆ ಅದು ಕ್ಯಾಸಿಯಾ. ಕಾಗದದಂತೆ ತೆಳುವಾದ ಹಲವು ಪದರಗಳಿದ್ದರೆ ಸಿಂಹಳದ್ದು. ಒಳಮೈಯನ್ನು ಉಗುರಿನಿಂದ ಗೀರಿ ನೋಡಿ: ಎಣ್ಣೆಯ ಗೆರೆ ಮೂಡಿದರೆ ಒಳ್ಳೆಯ ತೊಗಟೆ. ಒಣಗಿ ಸಪ್ಪೆಯಾದದ್ದು ಸಾರಿಗೂ ಪ್ರಯೋಜನವಿಲ್ಲ.

ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ರಾಸಾಯನಿಕ ಹೆಚ್ಚಿದೆ. ಕೆಲವರ ಯಕೃತ್ತಿಗೆ ಅದು ಹಾನಿ ಮಾಡುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ದಿನಕ್ಕೆ, ಮೈತೂಕದ ಕಿಲೋಗೆ 0.1 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ಅದು ಸುಮಾರು 2 ಗ್ರಾಂ ಚಕ್ಕೆ. ನಿಮ್ಮ ಒಂದು ಚಮಚ ಅದನ್ನು ದಾಟುತ್ತದೆ. ಮೇಲೆ ಹೇಳಿದ ವಾಡಿಕೆಯ ಪ್ರಮಾಣ ವೈದ್ಯರು ನೋಡಿ ಕೊಡುವ ಕೆಲವು ದಿನಗಳದ್ದು, ವರ್ಷವಿಡೀ ಕುಡಿಯುವುದಲ್ಲ. ಆದ್ದರಿಂದ ದಿನವೂ ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಅಂಗಾಲು ತಣ್ಣಗಿರುವುದರ ಜೊತೆ ಜೋಮು ಹಿಡಿಯುತ್ತಿದ್ದರೆ, ಬೆರಳು ನೀಲಿಗಟ್ಟುತ್ತಿದ್ದರೆ ಕಷಾಯ ಬದಿಗಿಟ್ಟು ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಮಾಡಿಸಿ, ಕಾಲಿನ ರಕ್ತನಾಳಗಳನ್ನೂ ತೋರಿಸಿಕೊಳ್ಳಿ.