ಎಆರ್ ರೈಫಲ್‌ನ ಸ್ಟಾಕ್ ತೆಗೆದು ಗಿಡ್ಡ ಬ್ಯಾರೆಲ್ ಹಾಕಿದರೆ ಅದು ಪಿಸ್ತೂಲ್ ಆಗುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಟೆಕ್ಸಾಸ್‌ನಲ್ಲಿದ್ದೀರಿ, ಅಂಗಡಿಯಲ್ಲಿ 16 ಇಂಚು ಬ್ಯಾರೆಲ್ಲಿನ ಎಆರ್-15 ರೈಫಲ್ ಕೊಂಡಿದ್ದೀರಿ. ಅದರ ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ಕಳಚಿ, 10.5 ಇಂಚಿನ ಅಪ್ಪರ್ (ಬ್ಯಾರೆಲ್ ಸಮೇತದ ಮೇಲ್ಭಾಗ) ಕೂರಿಸಿದರೆ ಪಿಸ್ತೂಲ್ ಎನ್ನಬಹುದೇ?

ಎನ್ನುವ ಹಾಗಿಲ್ಲ. ಅಂಗಡಿಯಲ್ಲಿ ಸಿಗುವ ಎಆರ್ ಪಿಸ್ತೂಲಿಗೂ ನಿಮ್ಮದಕ್ಕೂ ಒಂದು ಸ್ಕ್ರೂ ವ್ಯತ್ಯಾಸ ಇಲ್ಲದಿದ್ದರೂ, ಕಾನೂನಿನ ಲೆಕ್ಕದಲ್ಲಿ ನಿಮ್ಮದು 'ರೈಫಲ್‌ನಿಂದ ಮಾಡಿದ ಆಯುಧ'. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್, ಅಂದರೆ ಎನ್‌ಎಫ್‌ಎ ಪ್ರಕಾರ, ರೈಫಲ್ ಆಗಿದ್ದನ್ನು ಬದಲಾಯಿಸಿದಾಗ ಬ್ಯಾರೆಲ್ 16 ಇಂಚಿಗಿಂತ ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಾದರೆ ಮೊದಲೇ ನೋಂದಣಿ ಆಗಿರಬೇಕು. ಎರಡರಲ್ಲಿ ಒಂದು ಕಡಿಮೆಯಾದರೂ ಸಾಕು. ಸ್ಟಾಕ್ ಇದೆಯೋ ಇಲ್ಲವೋ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ 10 ವರ್ಷದವರೆಗೆ ಜೈಲು.

ಎಲ್ಲಕ್ಕೂ ಆಧಾರ ಲೋವರ್ ರಿಸೀವರ್, ಅಂದರೆ ಟ್ರಿಗರ್ ಇರುವ ಕೆಳಭಾಗ. ಸೀರಿಯಲ್ ನಂಬರ್ ಇರುವುದು ಅದರ ಮೇಲೆ. ಕಾನೂನಿಗೆ ಬಂದೂಕು ಎಂದರೆ ಅದೇ. ಬ್ಯಾರೆಲ್, ಅಪ್ಪರ್, ಸ್ಟಾಕ್ ಎಲ್ಲ ಬರೀ ಬಿಡಿಭಾಗ. ಹಾಗಾಗಿ ಇವತ್ತು ಮೇಲೆ ಏನು ಕೂತಿದೆ ಎಂಬುದರ ಜೊತೆಗೆ ಲೋವರ್‌ನ ಜಾತಕವನ್ನೂ ನೋಡಬೇಕು. ಮೊದಲ ಸಲ ರೈಫಲ್ ಆಗಿ ಜೋಡಣೆಯಾಗಿದ್ದರೆ ಅದು ಕೊನೆವರೆಗೂ ರೈಫಲ್. ಪಿಸ್ತೂಲ್ ಆಗಿ ಜೋಡಣೆಯಾಗಿದ್ದರೆ ರೈಫಲ್ ಮಾಡಬಹುದು, ಮತ್ತೆ ಪಿಸ್ತೂಲಿಗೆ ಮರಳಬಹುದು. ಈ ಒಮ್ಮುಖ ದಾರಿಯನ್ನು ಎಟಿಎಫ್ (ಬಂದೂಕು ಕಾನೂನು ಜಾರಿ ಮಾಡುವ ಫೆಡರಲ್ ಸಂಸ್ಥೆ) ತನ್ನ 2011-4 ರೂಲಿಂಗ್‌ನಲ್ಲಿ ಬಿಡಿಸಿ ಹೇಳಿದೆ. ಅದರ ಹಿಂದಿರುವುದು 1992ರ ಥಾಂಪ್ಸನ್ ಸೆಂಟರ್ ಕೇಸು. ಕಂಟೆಂಡರ್ ಎಂಬ ಪಿಸ್ತೂಲಿನ ಜೊತೆ ಸ್ಟಾಕ್ ಮತ್ತು 21 ಇಂಚಿನ ಬ್ಯಾರೆಲ್ ಸೇರಿಸಿ ಕಿಟ್ ಆಗಿ ಮಾರುತ್ತಿದ್ದರು. ಆ ಭಾಗಗಳಿಂದ ಸರಿಯಾದ ಪಿಸ್ತೂಲನ್ನೂ ಮಾಡಬಹುದು, ಸರಿಯಾದ ರೈಫಲನ್ನೂ ಮಾಡಬಹುದು. ಸ್ಟಾಕ್ ಜೊತೆ 10 ಇಂಚಿನ ಬ್ಯಾರೆಲ್ ಸೇರಿಸಿದರೆ ಮಾತ್ರ ತಪ್ಪು. ಬರೀ ಭಾಗಗಳು ಒಟ್ಟಿಗೆ ಇವೆ ಎಂದಮಾತ್ರಕ್ಕೆ ಗಿಡ್ಡ ರೈಫಲ್ ಮಾಡಿದಂತಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಸಣ್ಣ .22 ಗುಂಡಿನ ರೂಗರ್ 10/22 ಬಂದೂಕು ನೋಡಿದರೆ ಇದು ಇನ್ನೂ ಸ್ಪಷ್ಟ. ಅದರ ರೈಫಲ್ ಮತ್ತು ಚಾರ್ಜರ್ ಎಂಬ ಅದರ ಪಿಸ್ತೂಲ್ ರೂಪದ ಬ್ಯಾರೆಲ್‌ಗಳು ಅದಲುಬದಲಾಗಿ ಕೂರುತ್ತವೆ. ಚಾರ್ಜರ್‌ಗೆ 16 ಇಂಚಿನ ಬ್ಯಾರೆಲ್ಲೂ ಸ್ಟಾಕೂ ಹಾಕಿಕೊಳ್ಳಿ, ಯಾರೂ ಕೇಳುವುದಿಲ್ಲ. 10/22 ರೈಫಲ್‌ಗೆ ಚಾರ್ಜರ್ ಬ್ಯಾರೆಲ್ ಹಾಕಿದಿರೋ, ಅಪರಾಧ. .22 ತಾನೇ ಎಂಬ ರಿಯಾಯಿತಿ ಇಲ್ಲ.

ನೀವು ಪಿಸ್ತೂಲ್ ರೂಪವನ್ನೇ ಬಯಸಿದರೆ ಸುಲಭ ದಾರಿ, ಹೊಸದೊಂದು ಖಾಲಿ ಲೋವರ್ ಕೊಳ್ಳುವುದು. ಅಂಗಡಿಯವರು ಮಾರಾಟದ ದಾಖಲೆಯಾದ 4473 ಫಾರಂನಲ್ಲಿ ಅದನ್ನು ರೈಫಲ್ ಎಂದಲ್ಲ, ಪಿಸ್ತೂಲ್ ಎಂದೂ ಅಲ್ಲ, 'ಇತರ' ಎಂದು ಬರೆಯುತ್ತಾರೆ (ಅದಕ್ಕೇ 18 ದಾಟಿದರೆ ಸಾಲದು, 21 ಆಗಿರಬೇಕು). ಅದನ್ನು ಮೊದಲು ಸ್ಟಾಕ್ ಇಲ್ಲದೆ, ಗಿಡ್ಡ ಅಪ್ಪರ್ ಹಾಕಿ ಪಿಸ್ತೂಲ್ ಆಗಿ ಜೋಡಿಸಿ. ಸೀರಿಯಲ್ ನಂಬರ್ ಕಾಣುವಂತೆ, ದಿನಾಂಕ ಇರುವ ಫೋಟೋ ತೆಗೆದು ರಸೀದಿ ಜೊತೆ ಇಡಿ. ಕಾನೂನು ಇದನ್ನು ಕೇಳುವುದಿಲ್ಲ, ಆದರೆ ಬೇರೆ ಪುರಾವೆ ಎಲ್ಲಿಂದ ತರುತ್ತೀರಿ?

ಆಮೇಲೆ ರೂಪ ಬದಲಿಸುವಾಗ ಕೈ ಯಾವುದಕ್ಕೆ ಮೊದಲು ಹೋಗುತ್ತದೆ ಎಂಬುದು ಮುಖ್ಯ. ಪಿಸ್ತೂಲಿನಿಂದ ರೈಫಲ್‌ಗೆ ಹೋಗುವಾಗ ಮೊದಲು 16 ಇಂಚಿನ ಅಪ್ಪರ್, ಆಮೇಲೆ ಸ್ಟಾಕ್. ವಾಪಸ್ ಬರುವಾಗ ಮೊದಲು ಸ್ಟಾಕ್ ಕಳಚಿ, ಆಮೇಲೆ ಗಿಡ್ಡ ಅಪ್ಪರ್. ತಿರುಗಾಮುರುಗಾ ಮಾಡಿದರೆ ಆ ಎರಡು ನಿಮಿಷ ನಿಮ್ಮ ಮೇಜಿನ ಮೇಲಿರುವುದು ನೋಂದಣಿಯಿಲ್ಲದ ಗಿಡ್ಡ ರೈಫಲ್. ನಿಮ್ಮ ಮನೆಯಲ್ಲಿ ಇರುವುದು ರೈಫಲ್ ಲೋವರ್ ಒಂದೇ ಆಗಿದ್ದರೆ 10.5 ಇಂಚಿನ ಅಪ್ಪರನ್ನು ತಂದಿಡಲೇಬೇಡಿ. ಅದಕ್ಕೆ ಸರಿಯಾದ ಬಳಕೆ ಇನ್ನೊಂದಿಲ್ಲವಾದ್ದರಿಂದ, ಜೋಡಿಸದಿದ್ದರೂ ಕೇಸು ಹಾಕಲು ಎಡೆ ಸಿಗುತ್ತದೆ.

ಅಳತೆಯಲ್ಲಿ ಎಡವುವವರೇ ಹೆಚ್ಚು. ಬಂದೂಕು ಖಾಲಿ ಇದೆ ಎಂದು ಖಚಿತ ಮಾಡಿಕೊಂಡು, ಬೋಲ್ಟ್ (ಬ್ಯಾರೆಲ್ಲಿನ ಹಿಂಬದಿ ಮುಚ್ಚುವ ಭಾಗ) ಮುಚ್ಚಿ, ಬ್ಯಾರೆಲ್ ತುದಿಯಿಂದ ಒಂದು ನೇರ ಮರದ ಕಡ್ಡಿಯನ್ನು ಬೋಲ್ಟ್‌ನ ಮುಖ ಮುಟ್ಟುವವರೆಗೆ ಇಳಿಸಿ, ತುದಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ಅಳೆಯಿರಿ. ತಿರುಪಿ ಕೂರಿಸಿದ ಫ್ಲ್ಯಾಶ್ ಹೈಡರ್ (ಬ್ಯಾರೆಲ್ ತುದಿಯಲ್ಲಿ ಬೆಂಕಿಯ ಮಿಂಚು ತಗ್ಗಿಸುವ ತುಂಡು) ಲೆಕ್ಕಕ್ಕಿಲ್ಲ. ಪಿನ್ ಹಾಕಿ ಮೇಲೆ ವೆಲ್ಡ್ ಮಾಡಿದ್ದರೆ, ಇಲ್ಲವೇ 1100 ಡಿಗ್ರಿ ಫ್ಯಾರನ್‌ಹೀಟ್‌ನ ಸಿಲ್ವರ್ ಸೋಲ್ಡರ್‌ನಲ್ಲಿ ಬೆಸೆದಿದ್ದರೆ ಮಾತ್ರ ಬ್ಯಾರೆಲ್‌ನ ಭಾಗ. ಲಾಕ್‌ಟೈಟ್ ಎಂಬ ಸ್ಕ್ರೂ ಅಂಟು ಹಚ್ಚಿದರೆ ಆಗದು. 14.5 ಇಂಚಿನ ಬ್ಯಾರೆಲ್‌ಗೆ ಮಾಮೂಲಿ ಎ2 ಹೈಡರ್ ವೆಲ್ಡ್ ಮಾಡಿಸಿ 16 ಆಯಿತು ಎಂದುಕೊಳ್ಳುತ್ತಾರೆ, ಆಗುವುದಿಲ್ಲ, ಉದ್ದದ ಹೈಡರ್ ಬೇಕು. ಹಾಗೆಯೇ ಸರಿಯಾಗಿ 16 ಇರುವ ಬ್ಯಾರೆಲ್‌ನ ಕ್ರೌನ್ (ಬಾಯಿಯ ಅಂಚು) ಮತ್ತೆ ಕಡೆಸಿದರೆ ಕೂದಲೆಳೆಯಷ್ಟು ಕಡಿಮೆಯಾಗಿಬಿಡುತ್ತದೆ. ರೈಫಲ್‌ನ ಒಟ್ಟು ಉದ್ದವನ್ನು ಎಟಿಎಫ್ ಅಳೆಯುವುದು ಮಡಚುವ ಸ್ಟಾಕ್ ಬಿಡಿಸಿಟ್ಟು, ಬ್ಯಾರೆಲ್‌ಗೆ ಸಮಾನಾಂತರವಾಗಿ.

ಪಿಸ್ತೂಲ್ ಮಾಡಿದ ಮೇಲೂ ಒಂದು ಬೋನು ಇದೆ. 26 ಇಂಚಿಗಿಂತ ಗಿಡ್ಡ ಪಿಸ್ತೂಲಿನ ಮುಂಭಾಗಕ್ಕೆ ನೆಟ್ಟಗಿನ ಹಿಡಿ ಸಿಕ್ಕಿಸಿದರೆ, ಒಂದೇ ಕೈಯಲ್ಲಿ ಹಿಡಿಯುವ ಆಯುಧ ಅಲ್ಲವಾಯಿತು ಎಂದು ಎಟಿಎಫ್ ಅದನ್ನು ಎನ್‌ಎಫ್‌ಎಯ 'ಇತರ ಯಾವುದೇ ಆಯುಧ' ಪಟ್ಟಿಗೆ ಹಾಕುತ್ತದೆ. ಕೆಲವೇ ಡಾಲರಿನ ಪ್ಲಾಸ್ಟಿಕ್ ತುಂಡು, ಫೆಡರಲ್ ಕೇಸು. ಗ್ಲಾಕ್ ಪಿಸ್ತೂಲನ್ನು ಸ್ಟಾಕ್ ಇರುವ ಚಾಸಿಗೆ, ಅಂದರೆ ಹೊರಚೌಕಟ್ಟಿಗೆ ಕೂರಿಸಿದರೂ ಗಿಡ್ಡ ರೈಫಲ್ ಆಗುತ್ತದೆ. ತೋಳಿಗೆ ಕಟ್ಟುವ ಬ್ರೇಸ್ ವಿಷಯಕ್ಕೆ ಬಂದರೆ, ಅದನ್ನು ಸ್ಟಾಕ್ ಎಂದೇ ಎಣಿಸಲು ಹೊರಟ 2023ರ ನಿಯಮವನ್ನು ಮಾಕ್ ಮೊಕದ್ದಮೆಯಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟ್ 2024ರ ಜೂನ್‌ನಲ್ಲಿ ರದ್ದು ಮಾಡಿತು. ರದ್ದಾದದ್ದು ನಿಯಮ, ಎನ್‌ಎಫ್‌ಎ ಅಲ್ಲ.

ನಿಮ್ಮ ಈಗಿನ ರೈಫಲನ್ನೇ ಗಿಡ್ಡ ಮಾಡಬೇಕೆಂದಿದ್ದರೆ ಎಟಿಎಫ್‌ಗೆ ಫಾರಂ 1 (ನೋಂದಣಿಯ ಅರ್ಜಿ) ಹಾಕಿ: ಆನ್‌ಲೈನ್ ಅರ್ಜಿ, ಬೆರಳಚ್ಚು, ಫೋಟೋ, ಊರಿನ ಪೊಲೀಸ್ ಮುಖ್ಯಸ್ಥರಿಗೆ ಒಂದು ಪ್ರತಿ. ಮೊದಲು 200 ಡಾಲರ್ ತೆರಿಗೆ ಇತ್ತು, 2026ರ ಜನವರಿ 1ರಿಂದ ಸೊನ್ನೆ. ತೆರಿಗೆ ಹೋಯಿತು, ನೋಂದಣಿ ಹೋಗಿಲ್ಲ; ಒಪ್ಪಿಗೆ ಬರುವ ಮುಂಚೆ ಜೋಡಿಸುವಂತಿಲ್ಲ. ಬಂದ ಮೇಲೆ ನಿಮ್ಮ ಹೆಸರು, ಊರು, ರಾಜ್ಯವನ್ನು ಕನಿಷ್ಠ 0.003 ಇಂಚು ಆಳಕ್ಕೆ ಕೊರೆಸಬೇಕು. ಬೇರೆ ರಾಜ್ಯಕ್ಕೆ ಒಯ್ಯಲು 5320.20 ಫಾರಂಗೆ ಮೊದಲೇ ಒಪ್ಪಿಗೆ ಬೇಕು. ಮುಂದೆ ಕ್ಯಾಲಿಫೋರ್ನಿಯಾಗೆ ಕೆಲಸ ಬದಲಾದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ, ಅಲ್ಲಿನ ಕಾನೂನೇ ಬೇರೆ.

ನಿಮ್ಮ ವೀಸಾ ಯಾವುದೆಂದು ಬರೆದಿಲ್ಲ. ಎಚ್-1ಬಿ, ಎಚ್-4, ಎಫ್-1 ಆಗಿದ್ದರೆ ಬ್ಯಾರೆಲ್ ಉದ್ದಕ್ಕಿಂತ ಮೊದಲಿನ ಪ್ರಶ್ನೆ ಅದು. ಈ ವೀಸಾಗಳಲ್ಲಿ ಬಂದವರು ಬಂದೂಕು ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ತಡೆಯುತ್ತದೆ. ಸಾಮಾನ್ಯವಾಗಿ ಬಳಸುವ ವಿನಾಯಿತಿ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದರ ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಗಂಡನಿಗೆ ಗ್ರೀನ್ ಕಾರ್ಡ್ ಇದ್ದು ಹೆಂಡತಿ ಇನ್ನೂ ಎಚ್-1ಬಿಯಲ್ಲಿದ್ದರೆ, ಬಂದೂಕಿನ ಸೇಫ್‌ನ ಕೀಲಿಯೂ ಕೋಡೂ ಗಂಡನ ಬಳಿ ಮಾತ್ರ ಇರಲಿ.