‘ಚೀನಾದ ಗ್ರ್ಯಾಮಿ’ ಅಲ್ಲ, ಒಪ್ಪಿದೆ

ಪುತ್ತೂರಿನ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಗೋಲ್ಡನ್ ಮೆಲೊಡಿ ಪ್ರಶಸ್ತಿ ಸಮಾರಂಭದ ಫೋಟೊ ಹಾಕಿ, ಕೆಳಗೆ ‘ಚೀನಾದ ಗ್ರ್ಯಾಮಿ’ ಎಂದು ಬರೆದಿದ್ದೀರಿ. ಅದು ತೈವಾನಿನದಲ್ಲವೇ? ಇನ್ನೊಂದು: ಮ್ಯಾಂಡರಿನ್ ಹಾಡುಗಳ ಪ್ರಶಸ್ತಿ ಎಂದು ಹೇಳಿದವರು ನೀವೇ, ಬುಡಕಟ್ಟು ಭಾಷೆಯ ಆಲ್ಬಮ್ ವರ್ಷದ ಆಲ್ಬಮ್ ಆಯಿತೆಂದು ಹೇಳಿದವರೂ ನೀವೇ. ಎರಡರಲ್ಲಿ ಒಂದು ಸುಳ್ಳಿರಬೇಕಲ್ಲ? ನಾನು ಮನೆಯಲ್ಲಿ ತುಳು ಮಾತನಾಡುವವನು, ಅದಕ್ಕೇ ಕೇಳುತ್ತಿದ್ದೇನೆ.”

ಆ ಒಂದು ಸಾಲು ಬರೆದವನು ನಾನೇ. ಪುಟಗಳು ಅಚ್ಚಿಗೆ ಹೊರಟಿದ್ದವು, ಫೋಟೊದ ಕೆಳಗೆ ಮೂರು ಪದಕ್ಕಷ್ಟೇ ಜಾಗವಿತ್ತು. ನೆಪ ಹೇಳುತ್ತಿಲ್ಲ, ತಪ್ಪು ತಪ್ಪೇ. ಪ್ರಶಸ್ತಿ ತೈವಾನಿನದು. 1990ರಲ್ಲಿ ಶುರುವಾದದ್ದು. ಮೊದಲು ಅಲ್ಲಿನ ಸರ್ಕಾರದ ವಾರ್ತಾ ಇಲಾಖೆ ನಡೆಸುತ್ತಿತ್ತು, 2012ರಿಂದ ಸಂಸ್ಕೃತಿ ಸಚಿವಾಲಯ ನಡೆಸುತ್ತಿದೆ. ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿಯ ಹೋಲಿಕೆಯೂ ಅರ್ಧದಷ್ಟೇ ಸರಿ. ಅಲ್ಲಿ ಅಕಾಡೆಮಿಯ ಸದಸ್ಯರು ಸಾವಿರಗಟ್ಟಲೆ ಮತ ಹಾಕುತ್ತಾರೆ; ತೈವಾನಿನಲ್ಲಿ ತೀರ್ಪುಗಾರರ ಮಂಡಳಿ ಕೂತು ತೀರ್ಮಾನಿಸುತ್ತದೆ. ಸರ್ಕಾರಿ ಪ್ರಶಸ್ತಿ ಎಂದರೆ ಮೂಗು ಮುರಿಯುವುದು ನಮ್ಮ ಅಭ್ಯಾಸ. ಆದರೆ 2001ರಲ್ಲಿ ಜೇ ಚೌ ಎಂಬ ಹೊಸ ಹುಡುಗನ ಮೊದಲ ಆಲ್ಬಮ್ಮಿಗೇ ಬಹುಮಾನ ಕೊಟ್ಟ ಮಂಡಳಿಗೆ ಕಿವಿ ಇರಲಿಲ್ಲವೆಂದು ಹೇಳಲಾಗದು.

ಮ್ಯಾಂಡರಿನ್ ಕೇಳುವ ಊರುಗಳಿಗೆಲ್ಲ ಇದು ದೊಡ್ಡ ರಾತ್ರಿ. ಅತ್ಯುತ್ತಮ ಮ್ಯಾಂಡರಿನ್ ಗಾಯಕ ಪ್ರಶಸ್ತಿ ಸಿಂಗಪುರದ ಜೆ.ಜೆ. ಲಿನ್‌ಗೆ ಹೋಗಿದೆ, ಹಾಂಗ್‌ಕಾಂಗ್‌ನ ಈಸನ್ ಚಾನ್‌ಗೆ ಹೋಗಿದೆ, 2022ರಲ್ಲಿ ಬೀಜಿಂಗಿನ ಹಳೆಯ ರಾಕ್ ಹುಲಿ ಸುಯ್ ಜಿಯಾನ್‌ಗೂ ಹೋಯಿತು. ಹೀಗಾಗಿಯೇ ‘ಮ್ಯಾಂಡರಿನ್ ಪ್ರಶಸ್ತಿ’ ಎಂಬ ಹೆಸರು ನಾಲಿಗೆಗೆ ಬಂದುಬಿಡುತ್ತದೆ. ನಿಜದಲ್ಲಿ ಅಲ್ಲಿ ತೈವಾನೀ, ಹಕ್ಕಾ, ಮೂಲನಿವಾಸಿ ಭಾಷೆಗಳಿಗೆ ಬೇರೆ ಬೇರೆ ಬಹುಮಾನಗಳಿವೆ.

ಇದು ಸುಮ್ಮನೆ ಬಂದದ್ದಲ್ಲ. ಒಂದು ಕಾಲಕ್ಕೆ ತೈವಾನಿನ ಶಾಲೆಗಳಲ್ಲಿ ಮ್ಯಾಂಡರಿನ್ ಬಿಟ್ಟು ಮನೆಮಾತು ಬಾಯಿಂದ ಜಾರಿದ ಮಗುವಿಗೆ ದಂಡ ಹಾಕುತ್ತಿದ್ದರು, ಇಲ್ಲವೇ ಕೊರಳಿಗೊಂದು ಹಲಗೆ ತೂಗುಹಾಕಿ ನಿಲ್ಲಿಸುತ್ತಿದ್ದರು. ಟೀವಿ-ರೇಡಿಯೊದಲ್ಲಿ ಮ್ಯಾಂಡರಿನ್ನೇ ಮುಖ್ಯವಾಗಬೇಕು, ಉಳಿದ ಮಾತುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಬೇಕು ಎಂದು 1976ರಲ್ಲಿ ಕಾನೂನೇ ಬಂತು. ಅದನ್ನು ಕಿತ್ತುಹಾಕಿದ್ದು 1993ರಲ್ಲಿ. ಲೆಕ್ಕ ಹಾಕಿ ನೋಡಿ: ಪ್ರಶಸ್ತಿ ಹುಟ್ಟಿದಾಗ ಆ ಕಲಮು ಇನ್ನೂ ಪುಸ್ತಕದಲ್ಲಿತ್ತು. ಆರಂಭದ ವರ್ಷಗಳಲ್ಲಿ ಮ್ಯಾಂಡರಿನ್ ಅಲ್ಲದ್ದನ್ನೆಲ್ಲ ‘ಉಪಭಾಷೆ’ ಎಂಬ ಒಂದೇ ಬುಟ್ಟಿಗೆ ಸುರಿದಿದ್ದರು. ಬುಟ್ಟಿ ಒಡೆದು ಒಂದೊಂದು ಭಾಷೆಗೂ ಅದರದೇ ಹೆಸರು ಕೊಟ್ಟದ್ದು ಆಮೇಲೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನೀವು ಹೇಳಿದ ಆಲ್ಬಮ್ ಅಬಾವ್ ಎಂಬ ಗಾಯಕಿಯದು. ತೈವಾನಿನ ಮೂಲನಿವಾಸಿಗಳಾದ ಪೈವಾನ್ ಜನಾಂಗದ ಹೆಣ್ಣುಮಗಳು, ಒಂದು ಕಾಲಕ್ಕೆ ನರ್ಸ್ ಆಗಿದ್ದವರು. ಪೈವಾನ್ ಭಾಷೆಗೂ ಮ್ಯಾಂಡರಿನ್ನಿಗೂ ನಂಟೇ ಇಲ್ಲ. ಅದರ ದಾಯಾದಿಗಳು ಮಲಯ ಮತ್ತು ಹವಾಯಿಯ ಭಾಷೆಗಳು. ಎರಡು ಕೋಟಿ ಮೂವತ್ತು ಲಕ್ಷ ಜನರ ನಾಡಿನಲ್ಲಿ ಮೂಲನಿವಾಸಿಗಳೆಲ್ಲ ಸೇರಿದರೂ ನೂರಕ್ಕೆ ಮೂವರಿಲ್ಲ. ಅಬಾವ್ ಮೊದಲು ಅಜ್ಜಿಯನ್ನೂ ಅಮ್ಮನನ್ನೂ ಜೊತೆಗೆ ಕೂರಿಸಿಕೊಂಡು ಹಳೆಯ ಹಾಡುಗಳ ಆಲ್ಬಮ್ ಮಾಡಿದರು. ಮುಂದೆ ಅದೇ ಭಾಷೆಯನ್ನು ಎಲೆಕ್ಟ್ರಾನಿಕ್ ತಾಳಕ್ಕೆ ಕುಣಿಸಿದರು. ‘ಕಿನಕಾಯನ್’ ಹೊರಬಂದದ್ದು ಹಾಗೆ. ಅದರ ಚೀನೀ ಹೆಸರನ್ನು ಪದಕ್ಕೆ ಪದವಿಟ್ಟು ಓದಿದರೆ ‘ತಾಯಿಯ ನಾಲಿಗೆ’. ಕೊರೊನಾದಿಂದ ಅಕ್ಟೋಬರಿಗೆ ಮುಂದೂಡಿದ್ದ 2020ರ ಸಮಾರಂಭದಲ್ಲಿ ಅದಕ್ಕೆ ಮೂಲನಿವಾಸಿ ಭಾಷೆಯ ಬಹುಮಾನ ಬಂತು. ಅಲ್ಲಿಗೆ ನಿಂತಿದ್ದರೆ ನೀವು ಪತ್ರ ಬರೆಯುತ್ತಿರಲಿಲ್ಲ. ವರ್ಷದ ಆಲ್ಬಮ್, ವರ್ಷದ ಹಾಡು ಎರಡಕ್ಕೂ ಭಾಷೆಯ ಬೇಲಿ ಇಲ್ಲ; ಎಲ್ಲರೂ ಒಂದೇ ಅಂಕಣದಲ್ಲಿ. ಆ ಎರಡನ್ನೂ ಅಬಾವ್ ಗೆದ್ದರು.

ಸಣ್ಣ ಭಾಷೆಗೆ ಪ್ರತ್ಯೇಕ ಬಹುಮಾನವಿಟ್ಟರೆ ಅದನ್ನು ಮೂಲೆಗೆ ಕೂರಿಸಿದಂತೆ ಎಂದು ಮೊದಲೆಲ್ಲ ವಾದಿಸುತ್ತಿದ್ದೆ. ಈಗ ಅಷ್ಟು ಖಚಿತವಿಲ್ಲ. ಮೂಲೆಯಲ್ಲೊಂದು ಮಣೆ, ಹಜಾರದ ಪಂಕ್ತಿಯಲ್ಲೂ ಒಂದು ಎಲೆ, ಎರಡೂ ಇದ್ದರೆ ತಕರಾರೇನು? ನಮ್ಮ ರಾಜ್ಯ ಚಲನಚಿತ್ರ ಪ್ರಶಸ್ತಿಯಲ್ಲೂ ತುಳು, ಕೊಡವ, ಕೊಂಕಣಿ ಚಿತ್ರಗಳಿಗೆ ಮಣೆ ಇದೆ. ಎಲೆಯ ಮಾತು ಬಂದರೆ ನೆನಪಾಗುವುದು ನಿಮ್ಮ ಕಡೆಯದೇ ಬ್ಯಾರಿ ಭಾಷೆಯ ಸಿನಿಮಾ. 2011ರ ರಾಷ್ಟ್ರೀಯ ಅತ್ಯುತ್ತಮ ಚಿತ್ರದ ಗೌರವವನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಿತಲ್ಲ, ಅದು.

ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ಅಂದಹಾಗೆ, ಪತ್ರದ ಕೊನೆಗೆ ನನ್ನ ಬಗ್ಗೆ ತುಳುವಿನಲ್ಲಿ ಒಂದು ಸಾಲು ಬರೆದಿದ್ದೀರಿ. ಕಚೇರಿಯಲ್ಲಿರುವ ಮಂಗಳೂರಿನ ಹುಡುಗಿಗೆ ತೋರಿಸಿದೆ. ಓದಿ ನಕ್ಕಳು, ಅರ್ಥ ಮಾತ್ರ ಹೇಳಲಿಲ್ಲ.

— ಸಂಪಾದಕ